ಸರ್ವರ್ ಎಂಬುದು ಮಳೆಯಲ್ಲ

ನಮ್ಮ ಜಗಳೂರು ಸೀಮೆಯಲ್ಲಿ ದಿನಕ್ಕೆ ನಾಕಾರು ಸಲ ಕೇಳಿಬರುವ ಪ್ರಶ್ನೆಗಳಿವೆ. ಮಳೆ ಬಂತಾ? ಕರೆಂಟ್ ಬಂತಾ? ನೀರು ಬಂತಾ? ಈ ಸಾಲಿಗೆ ಕಳೆದ ಕೆಲವು ವರ್ಷಗಳಿಂದ ಇನ್ನೊಂದು ಸೇರಿಕೊಂಡಿದೆ: ಸರ್ವರ್ ಬಂತಾ? ರೇಷನ್ ಅಂಗಡಿಯ ಮುಂದೆ, ನಾಡಕಚೇರಿಯ ಕಟ್ಟೆಯ ಮೇಲೆ, ಬೆಳೆ ವಿಮೆಗೆ ಅರ್ಜಿ ಹಾಕಲು ನಿಂತ ಸಾಲಿನಲ್ಲಿ ಇದನ್ನು ಕೇಳದ ದಿನವಿಲ್ಲ. ಓದು ಬರಹ ಬಾರದ ಅಜ್ಜಿಯರ ಬಾಯಲ್ಲೂ ಈಗ ಇದು ಅಚ್ಚ ಕನ್ನಡ ಪದ. "ಸರ್ವರ್ ಇಲ್ಲ ಕಣಮ್ಮಾ, ನಾಳೆ ಬರ್ರಿ" ಎಂದರೆ "ಯಾವಾಗ ಬರ್ತೈತಪ್ಪ ಅದು?" ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಸೆರಗು ಕೊಡವಿ ಎದ್ದು ಹೋಗುತ್ತಾರೆ.

ಈ ಮಾತಿನ ಬಗ್ಗೆ ನನ್ನ ತಕರಾರು ಇದೆ. ಭಾಷೆಗೆ ಇಂಗ್ಲಿಷ್ ಪದವೊಂದು ಬಂತಲ್ಲ ಎಂಬ ಮಡಿವಂತಿಕೆಯ ತಕರಾರಲ್ಲ ಅದು. ಪದ ಬಂದ ಜಾಗ ಯಾವುದು ಎಂಬುದರ ಬಗ್ಗೆ. ಅದು ಬಂದು ಕೂತಿರುವುದು ಮಳೆಯ ಪಕ್ಕದಲ್ಲಿ. ಮಳೆ ಬರಲಿಲ್ಲ ಎಂದರೆ ಯಾರನ್ನು ಕೇಳುವುದು? ಆಕಾಶ ನೋಡಿ ಸುಮ್ಮನಾಗಬೇಕು. ಸರ್ವರ್ ಬರಲಿಲ್ಲ ಎಂದಾಗಲೂ ನಾವು ಹಾಗೇ ಮೇಲೆ ನೋಡಿ ಸುಮ್ಮನಾಗುತ್ತಿದ್ದೇವೆ. ಕ್ಲೌಡ್ ಎಂಬ ಹೆಸರು ಬೇರೆ ಈ ಭ್ರಮೆಗೆ ಚೆನ್ನಾಗಿ ಒದಗಿಬಂದಿದೆ. ಮೋಡದಲ್ಲಿರುವುದು ಮನುಷ್ಯನ ಕೈಗೆ ಸಿಗುವುದಿಲ್ಲ ಎಂದು ನಂಬಿಸಲು ಇಷ್ಟು ಸಾಕು.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಇದೇ ಆದ್ದರಿಂದ ಹೇಳುತ್ತಿದ್ದೇನೆ: ಇದು ಶುದ್ಧ ಸುಳ್ಳು. ಸರ್ವರ್ ಮಳೆಯಲ್ಲ. ಅದು ಬೀಳುವುದಿಲ್ಲ, ಅದನ್ನು ಬೀಳಲು ಬಿಡಲಾಗುತ್ತದೆ. ಎಷ್ಟು ದೊಡ್ಡ ಯಂತ್ರ ಇರಬೇಕು, ಅಂಥವು ಎಷ್ಟು ಇರಬೇಕು, ಯಾವ ದಿನಕ್ಕೆ ಹೆಚ್ಚಿಸಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮನುಷ್ಯರು ಕೂತು ನಿರ್ಧರಿಸುತ್ತಾರೆ. ಆ ನಿರ್ಧಾರದ ಫಲವಾಗಿ ಜಗಳೂರಿನ ಹೆಂಗಸು ನಾಲ್ಕು ದಿನ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುತ್ತಾಳೆ.

ವಿಷಯ ತಾಂತ್ರಿಕ ಎಂದು ಸಾಹಿತ್ಯದ ಓದುಗರು ಪುಟ ತಿರುವಬಾರದು. ಇದನ್ನು ತಿಳಿಯಲು ಎಂಜಿನಿಯರಿಂಗ್ ಬೇಕಿಲ್ಲ, ಕೆರೆ ನೋಡಿದ್ದರೆ ಸಾಕು.

ಕೆರೆಗೆ ತೂಬು ಇರುತ್ತದೆ, ಕೋಡಿ ಇರುತ್ತದೆ, ನೀರು ಬಿಡಲು ನೀರುಗಂಟಿ ಇರುತ್ತಾನೆ. ನಾಟಿಯ ಹೊತ್ತಿನಲ್ಲಿ ಗದ್ದೆಗಳೆಲ್ಲ ಒಟ್ಟಿಗೆ ನೀರು ಕೇಳುತ್ತವೆ, ಅವನು ತೂಬನ್ನು ಹೆಚ್ಚು ಎತ್ತುತ್ತಾನೆ. ಕೊಯ್ಲು ಹತ್ತಿರ ಬಂದಾಗ ಇಳಿಸುತ್ತಾನೆ. ವರ್ಷವಿಡೀ ಒಂದೇ ಅಳತೆಗೆ ತೂಬು ಬಿಟ್ಟು ಮಲಗುವ ನೀರುಗಂಟಿಯನ್ನು ಯಾವ ಊರೂ ಇಟ್ಟುಕೊಳ್ಳುವುದಿಲ್ಲ. ಸರ್ವರ್‌ಗಳ ಲೋಕದಲ್ಲಿ ಈ ಕೆಲಸಕ್ಕೆ ಎರಡು ದಾರಿಗಳಿವೆ. ಒಂದು, ಇರುವ ಯಂತ್ರವನ್ನೇ ದೊಡ್ಡದು ಮಾಡುವುದು. ನಾಲ್ಕು ಕೋರಿನ ನೋಡ್ ಅನ್ನು ನಿಲ್ಲಿಸಿ, ಹದಿನಾರು ಕೋರಿನದಾಗಿ ಬದಲಿಸಿ, ಮತ್ತೆ ಚಾಲೂ ಮಾಡುವುದು. ಕ್ಲೌಡ್‌ನಲ್ಲಿ ಇದಕ್ಕೆ ಹಿಡಿಯುವುದು ಕೆಲವು ನಿಮಿಷ. ನಿಲ್ಲಿಸಿ ಚಾಲೂ ಮಾಡಬೇಕಾದ್ದರಿಂದ ನಾವು ಇದನ್ನು ಜನ ಮಲಗಿರುವ ಹೊತ್ತಿನಲ್ಲಿ ಮಾಡುತ್ತೇವೆ. ಇನ್ನೊಂದು, ಅದೇ ಅಳತೆಯ ಯಂತ್ರಗಳ ಸಂಖ್ಯೆ ಹೆಚ್ಚಿಸಿ, ಬರುವ ಜನರನ್ನು ಅವುಗಳ ನಡುವೆ ಹಂಚುವುದು. ಹಂಚುವ ಯಂತ್ರಕ್ಕೆ ಲೋಡ್ ಬ್ಯಾಲೆನ್ಸರ್ ಎನ್ನುತ್ತಾರೆ. ಎಷ್ಟು ಜನ ಬಂದರೆ ಎಷ್ಟು ಯಂತ್ರ ಹೆಚ್ಚಬೇಕು ಎಂಬ ನಿಯಮವನ್ನು ಮೊದಲೇ ಬರೆದಿಟ್ಟರೆ ಯಂತ್ರಗಳು ತಾವೇ ಹೆಚ್ಚುತ್ತವೆ, ಜನ ಕಡಿಮೆಯಾದಾಗ ತಾವೇ ಇಳಿಯುತ್ತವೆ. ಇದಕ್ಕೆ ಆಟೋಸ್ಕೇಲಿಂಗ್ ಎಂದು ಹೆಸರು.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಅಮೆಜಾನ್ ಕಂಪನಿ ಗಂಟೆಯ ಬಾಡಿಗೆಗೆ ಸರ್ವರ್ ಕೊಡಲು ಶುರುಮಾಡಿದ್ದು 2006ರಲ್ಲಿ. ನಮ್ಮ ಕೇಂದ್ರ ಸರ್ಕಾರ ಮೇಘರಾಜ್ ಎಂಬ ಹೆಸರಿನಲ್ಲಿ ಸರ್ಕಾರಿ ಕ್ಲೌಡ್ ಕಟ್ಟಿದ್ದು 2014ರಲ್ಲಿ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ತನ್ನದೇ ರಾಜ್ಯ ದತ್ತಾಂಶ ಕೇಂದ್ರವಿದೆ. ಅಂದರೆ ವಿದ್ಯೆ ಇದೆ, ಯಂತ್ರವಿದೆ, ಕಟ್ಟಡವಿದೆ. ಈ ವಿದ್ಯೆ ಬಲ್ಲವರನ್ನು ಲೋಕಕ್ಕೆಲ್ಲ ಹಂಚುವ ನಗರವೇ ನಮ್ಮ ರಾಜಧಾನಿ. ಹಾಗಿದ್ದೂ ಆ ರಾಜಧಾನಿಯಿಂದ ಇನ್ನೂರೈವತ್ತು ಕಿಲೋಮೀಟರ್ ದೂರದ ಜಗಳೂರಿನಲ್ಲಿ ಸರ್ವರ್ ಬರುವುದಿಲ್ಲ.

ಈ ಸಾಮರ್ಥ್ಯ ನಮ್ಮ ದೇಶಕ್ಕೆ ಇದೆಯೇ ಎಂಬ ಅನುಮಾನ ಇರುವವರು ಕ್ರಿಕೆಟ್ ನೆನಪಿಸಿಕೊಳ್ಳಲಿ. 2019ರ ಜುಲೈನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ನಡುವಿನ ವಿಶ್ವಕಪ್ ಸೆಮಿಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.5 ಕೋಟಿ ಜನ ನೋಡಿದರು. 2023ರ ನವೆಂಬರ್ 19ರ ಫೈನಲ್‌ನಲ್ಲಿ ಅದು 5.9 ಕೋಟಿ ಮುಟ್ಟಿತು. 2019ರ ಆ ಸೆಮಿಫೈನಲ್‌ನಲ್ಲಿ ಧೋನಿ ಆಡುತ್ತಿದ್ದಾಗ ಜನ ಏರಿದರು, ಔಟಾದ ಕೂಡಲೇ ಎದ್ದು ಹೋದರು. ಹಾಗೆ ಎದ್ದು ಹೋಗುವವರೆಲ್ಲ ಒಂದೇ ಸಲ ಮುಖಪುಟಕ್ಕೆ ಮರಳುವುದರಿಂದ ಅಲ್ಲಿ ನೂಕುನುಗ್ಗಲಾಗುತ್ತದೆ ಎಂಬುದನ್ನೂ ಅವರ ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಿದ್ದರು. ಜನ ಬಂದಮೇಲೆ ಯಂತ್ರ ಹೆಚ್ಚಿಸಲು ಹೊರಟರೆ ತಡವಾಗುತ್ತದೆ ಎಂದು, ಪಂದ್ಯಕ್ಕೆ ಮುಂಚೆಯೇ ಹೆಚ್ಚಿಸಿ ಕಾಯುತ್ತಿದ್ದರು. ಧೋನಿ ಯಾವಾಗ ಔಟಾಗುತ್ತಾನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೂ ಅದಕ್ಕೆ ತಯಾರಿ ಇತ್ತು.

ಈಗ ಸರ್ಕಾರದ ಕಡೆ ಬನ್ನಿ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಗೆ ಸೇವಾಸಿಂಧು ಮೂಲಕ ಅರ್ಜಿ ಶುರುವಾಯಿತು. ಮನೆಗೆ 200 ಯೂನಿಟ್ ತನಕ ಉಚಿತ ವಿದ್ಯುತ್. ಯಾರು ಅರ್ಜಿ ಹಾಕುತ್ತಾರೆ ಎಂದು ಜ್ಯೋತಿಷ್ಯ ಕೇಳಬೇಕಿತ್ತೇ? ರಾಜ್ಯದಲ್ಲಿ ಮನೆಗಳ ವಿದ್ಯುತ್ ಮೀಟರು ಎಷ್ಟಿವೆ ಎಂಬ ಲೆಕ್ಕ ಸರ್ಕಾರದ ಕೈಯಲ್ಲೇ ಇದೆ, ಬಿಲ್ಲು ಕಳಿಸುವುದು ಅವರೇ. ಅರ್ಜಿ ತೆರೆಯುವ ದಿನ ಗೊತ್ತು, ಗಂಟೆ ಗೊತ್ತು. ಆದರೂ ಮೊದಲ ದಿನದಿಂದಲೇ ಸರ್ವರ್ ಸಮಸ್ಯೆ ಎಂಬ ಸುದ್ದಿ. ಸಚಿವರೊಬ್ಬರು ಕೇಂದ್ರದವರು ಸರ್ವರ್ ಹ್ಯಾಕ್ ಮಾಡಿದ್ದಾರೆ ಎಂದೂ ಹೇಳಿಬಿಟ್ಟರು. ಅದು ನಗೆಪಾಟಲಾಯಿತು, ಮರೆತೂಹೋಯಿತು. ಆ ಮಾತಿನ ಹಿಂದಿನ ಮನೋಭಾವ ಮಾತ್ರ ಮರೆಯುವಂಥದ್ದಲ್ಲ. ಒಂದೋ ದೈವ, ಇಲ್ಲವೇ ಶತ್ರು. ನಡುವೆ ಜವಾಬ್ದಾರಿ ಎಂಬ ಮೂರನೆಯದು ಇದೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ.

ಒಂದು ಪಕ್ಷವನ್ನೋ ಒಂದು ಸರ್ಕಾರವನ್ನೋ ಹಿಡಿದು ಬೈಯಲು ಇದನ್ನು ಬರೆಯುತ್ತಿಲ್ಲ. 2021ರ ಏಪ್ರಿಲ್ 28ರ ಸಂಜೆ ನಾಲ್ಕಕ್ಕೆ 18 ದಾಟಿದವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ ಕೋವಿನ್ ತಾಣವೂ ಮುಗ್ಗರಿಸಿತ್ತು. ಕೆಲ ಹೊತ್ತಿನಲ್ಲಿ ಎದ್ದು, ಅದೇ ದಿನ 1.3 ಕೋಟಿಗೂ ಹೆಚ್ಚು ಜನರನ್ನು ನೋಂದಾಯಿಸಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಅಮೆರಿಕದಂಥ ಅಮೆರಿಕದಲ್ಲೇ 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಯ ಸರ್ಕಾರಿ ತಾಣ ತೆರೆದಾಗ ಮೊದಲ ದಿನ ವಿಮೆ ಪಡೆಯಲು ಸಾಧ್ಯವಾದದ್ದು ಆರೇ ಜನಕ್ಕೆ. ಅಲ್ಲಿಯೂ ಮೊದಲು ಕೇಳಿಬಂದ ಸಬೂಬು "ನಿರೀಕ್ಷೆಗಿಂತ ಹೆಚ್ಚು ಜನ ಬಂದರು" ಎಂಬುದೇ. ಆಮೇಲೆ ಗೊತ್ತಾಯಿತು, ತಾಣವನ್ನು ಇಡಿಯಾಗಿ ಸಾಕಷ್ಟು ಪರೀಕ್ಷೆ ಮಾಡಿರಲಿಲ್ಲ. ಆದರೆ ಅಲ್ಲಿ ಆ ಇಲಾಖೆಯ ಮುಖ್ಯಸ್ಥೆ ತಿಂಗಳೊಳಗೆ ಸಂಸತ್ತಿನ ಸಮಿತಿಯ ಮುಂದೆ ಕೂತು ಈ ಎಡವಟ್ಟಿನ ಹೊಣೆ ತನ್ನದು ಎಂದು ಒಪ್ಪಿಕೊಂಡರು. ನಮ್ಮಲ್ಲಿ ಸರ್ವರ್ ಡೌನ್ ಆದದ್ದಕ್ಕೆ ಹೊಣೆ ಹೊತ್ತವರ ಹೆಸರು ಯಾರಿಗಾದರೂ ನೆನಪಿದೆಯೇ?

ನಮ್ಮವ್ವ ಒಂದು ಯೋಜನೆಯ ಅರ್ಜಿಗಾಗಿ ಸೇವಾ ಕೇಂದ್ರವೊಂದಕ್ಕೆ ನಾಲ್ಕು ದಿನ ಅಲೆದಳು. ನಾಲ್ಕನೆಯ ದಿನ ಅಲ್ಲಿನ ಹುಡುಗ ಹೇಳಿದನಂತೆ: "ಅವ್ವಾ, ರಾತ್ರಿ ಹತ್ತರ ಮ್ಯಾಲೆ ಬಾ, ಇಲ್ಲಾಂದ್ರೆ ಬೆಳಗ್ಗೆ ಐದಕ್ಕ ಬಾ. ಆಗ ಸರ್ವರ್ ಚೆನ್ನಾಗಿರ್ತೈತೆ." ಅವ್ವ ಬೆಳಗಿನ ಐದಕ್ಕೆ ಹೋದಳು, ಕೆಲಸ ಹತ್ತೇ ನಿಮಿಷದಲ್ಲಿ ಆಯಿತು. ಫೋನಿನಲ್ಲಿ ನನಗಿದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಹುಡುಗ ಬಾಳ ಒಳ್ಳೇನು, ಗುಟ್ಟು ಹೇಳಿದ" ಎಂದಳು. ಸಿಟ್ಟು ಬಂದದ್ದು ನನಗೆ. ಆ ಹುಡುಗನ ಮೇಲಲ್ಲ, ಅವನು ನಿಜವಾಗಿ ಉಪಕಾರ ಮಾಡಿದ್ದಾನೆ. ಆ ಒಂದು ಮಾತಿನಲ್ಲಿ ಇಡೀ ಪ್ರಕರಣದ ಸಾಕ್ಷಿ ಇದೆ. ಬೆಳಗಿನ ಐದಕ್ಕೆ ಚೆನ್ನಾಗಿರುವ ಸರ್ವರ್ ಹಗಲು ಹನ್ನೊಂದಕ್ಕೆ ಕೆಟ್ಟಿರುವುದಿಲ್ಲ. ಅದು ಕೆಟ್ಟಿಲ್ಲ, ಸಾಲುತ್ತಿಲ್ಲ, ಅಷ್ಟೇ. ಹತ್ತು ಜನರ ಬಸ್ಸಿಗೆ ನೂರು ಜನ ಹತ್ತಿದರೆ ಬಸ್ ಕೆಟ್ಟಿದೆ ಎನ್ನುತ್ತೇವೆಯೇ? ಇನ್ನೊಂದು ಬಸ್ ಬಿಡಿ ಎನ್ನುತ್ತೇವೆ.

ಜನರ ಅಳತೆಗೆ ಯಂತ್ರವನ್ನು ಹಿಗ್ಗಿಸಬೇಕಾದ ಕಡೆ, ಯಂತ್ರದ ಅಳತೆಗೆ ಜನರನ್ನು ಕುಗ್ಗಿಸಿದ್ದೇವೆ. ಅರವತ್ತರ ಹೆಂಗಸು ತನ್ನ ನಿದ್ದೆಯನ್ನು ಸರ್ವರಿನ ಬಿಡುವಿಗೆ ಹೊಂದಿಸಿಕೊಳ್ಳುತ್ತಾಳೆ. ಕಂಪನಿಯಲ್ಲಿ ನಾನು ಇದರ ತದ್ವಿರುದ್ಧ ಮಾಡುತ್ತೇನೆ: ಗ್ರಾಹಕರ ಎಚ್ಚರಕ್ಕೆ ತೊಂದರೆಯಾಗದಿರಲಿ ಎಂದು ನಿದ್ದೆಗೆಟ್ಟು ರಾತ್ರಿ ಎರಡಕ್ಕೆ ನೋಡ್ ಬದಲಿಸುತ್ತೇನೆ. ವ್ಯತ್ಯಾಸ ತಂತ್ರಜ್ಞಾನದ್ದಲ್ಲ. ಕಂಪನಿಯ ಗ್ರಾಹಕ ಎದ್ದು ಬೇರೆ ಅಂಗಡಿಗೆ ಹೋಗಬಲ್ಲ. ಅವ್ವನಿಗೆ ಬೇರೆ ಸರ್ಕಾರವಿಲ್ಲ.

ಖರ್ಚಿನ ಮಾತು ಬರುತ್ತದೆ, ಬರಲಿ. ಹದಿನಾರು ಕೋರ್, ಅರವತ್ನಾಲ್ಕು ಜಿಬಿ ಮೆಮೊರಿ ಇರುವ ಯಂತ್ರವೊಂದರ ಬಾಡಿಗೆ ದೊಡ್ಡ ಕ್ಲೌಡ್ ಕಂಪನಿಗಳ ಮುಂಬೈ ಕೇಂದ್ರದಲ್ಲಿ ಗಂಟೆಗೆ ನೂರು ರೂಪಾಯಿಯ ಒಳಗಿದೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಹಳ್ಳಿಯ ಒಂದು ಕೇಂದ್ರದ ಮುಂದೆ ಇಪ್ಪತ್ತು ಹೆಂಗಸರು ಒಂದು ದಿನ ಕೂಲಿ ಬಿಟ್ಟು ನಿಂತರೆ 7,400 ರೂಪಾಯಿ ಹೋಯಿತು. ಆ ದುಡ್ಡಿನಲ್ಲಿ ಅಂಥ ಯಂತ್ರವನ್ನು ಮೂರು ಹಗಲು ಮೂರು ರಾತ್ರಿ ಓಡಿಸಬಹುದು. ಇದು ಒಂದೇ ಹಳ್ಳಿಯ, ಒಂದೇ ದಿನದ ಲೆಕ್ಕ. ರಾಜ್ಯದ ಸಾವಿರಾರು ಕೇಂದ್ರಗಳಿಗೆ ಗುಣಿಸಿ ನೋಡಿ. ಸರ್ವರ್‌ಗೆ ಖರ್ಚು ಮಾಡದೆ ಸರ್ಕಾರ ದುಡ್ಡು ಉಳಿಸಿಲ್ಲ, ಖರ್ಚನ್ನು ಬಡವರ ಲೆಕ್ಕಕ್ಕೆ ದಾಟಿಸಿದೆ. ಬೊಕ್ಕಸದ ಪುಸ್ತಕದಲ್ಲಿ ಕಾಣದ ಕಾರಣ ಅದು ಖರ್ಚೇ ಅಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ.

ನನ್ನ ವೃತ್ತಿಯವರು ಇಲ್ಲಿ ತಲೆದೂಗುತ್ತಾ "ಅದಕ್ಕೇ ಎಲ್ಲವನ್ನೂ ಕ್ಲೌಡ್‌ಗೆ ಹಾಕಿ ಅನ್ನೋದು" ಎನ್ನುತ್ತಾರೆ. ಅವರ ಜೊತೆಗೂ ನನ್ನ ಜಗಳವಿದೆ. ನೋಡ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅರ್ಧ ಸತ್ಯ. ಜಗಳೂರಿನ ಕೆರೆಗಳಿಗೆ ಈಗ ದೂರದ ತುಂಗಭದ್ರೆಯ ನೀರನ್ನು ಪಂಪಿನಿಂದ ಎತ್ತಿ, ಕೊಳವೆಯಲ್ಲಿ ಹರಿಸಿ ತುಂಬಿಸುತ್ತಿದ್ದಾರೆ. ನದಿಯ ದಡದಲ್ಲಿ ಇನ್ನೂ ಹತ್ತು ಪಂಪು ಕೂರಿಸಿ, ಕೊಳವೆ ಮಾತ್ರ ಹಳೆಯದೇ ಇಟ್ಟರೆ ಕೆರೆಗೆ ಹೆಚ್ಚು ನೀರು ಬರುತ್ತದೆಯೇ? ಕೊಳವೆ ಒಡೆಯಬಹುದು, ಅಷ್ಟೇ. ಸರ್ವರ್‌ಗಳಲ್ಲೂ ಹೀಗೇ. ಅರ್ಜಿಯ ಪುಟ ತೋರಿಸುವ ನೋಡ್‌ಗಳನ್ನು ನೂರಕ್ಕೆ ಏರಿಸಬಹುದು. ಅವೆಲ್ಲ ಕೊನೆಗೆ ಹೋಗಿ ಬಾಗಿಲು ತಟ್ಟುವುದು ಒಂದೇ ಡೇಟಾಬೇಸಿನದು. ಅದು ಏಕಕಾಲಕ್ಕೆ ಇಷ್ಟು ಸಂಪರ್ಕ ಎಂದು ಮಿತಿ ಹಾಕಿಕೊಂಡಿರುತ್ತದೆ. ಮುಂದಿನ ನೋಡ್ ಹೆಚ್ಚಿದಷ್ಟೂ ಹಿಂದಿನ ಬಾಗಿಲಲ್ಲಿ ನೂಕಾಟ ಹೆಚ್ಚುತ್ತದೆ. ಅದರ ಜೊತೆಗೆ ರೇಷನ್ ಕಾರ್ಡಿನ ಮಾಹಿತಿ ಒಂದು ಇಲಾಖೆಯದು, ಆಧಾರ್ ದೃಢೀಕರಣ ಇನ್ನೊಂದರದು, ಒಟಿಪಿ ಕಳಿಸುವುದು ಮತ್ತೊಬ್ಬರದು. ಈ ಸರಪಳಿಯಲ್ಲಿ ಅತಿ ಸಣ್ಣ ಕೊಂಡಿ ಯಾವುದೋ ಅದರ ಅಳತೆಯೇ ಇಡೀ ಯೋಜನೆಯ ಅಳತೆ.

ಇನ್ನೊಂದು ಸಂಗತಿ ಬೆಂಗಳೂರಿನ ಪರದೆಯ ಮೇಲೆ ಕಾಣುವುದಿಲ್ಲ, ಸೇವಾ ಕೇಂದ್ರದಲ್ಲಿ ನಿಂತವರಿಗೆ ಕಾಣುತ್ತದೆ. ಪುಟ ತೆರೆಯದಿದ್ದರೆ ಆಪರೇಟರ್ ಏನು ಮಾಡುತ್ತಾನೆ? ಮತ್ತೆ ಒತ್ತುತ್ತಾನೆ. ಮೂರು ಕಿಟಕಿ ತೆರೆದು ಮೂರರಲ್ಲೂ ಒತ್ತುತ್ತಾನೆ. ಮುಂದೆ ನಿಂತ ಹೆಂಗಸಿನ ಮುಖ ನೋಡಿ ಮತ್ತೊಮ್ಮೆ ಒತ್ತುತ್ತಾನೆ. ಒಬ್ಬಳ ಅರ್ಜಿ ಹತ್ತು ಅರ್ಜಿಯ ಭಾರವಾಗುತ್ತದೆ. ಆಮೇಲೆ ವರದಿಯಲ್ಲಿ "ನಿರೀಕ್ಷೆಗಿಂತ ಹತ್ತು ಪಟ್ಟು ಒತ್ತಡ" ಎಂದು ಬರುತ್ತದೆ. ಜನ ಹತ್ತು ಪಟ್ಟು ಬಂದಿರುವುದಿಲ್ಲ, ನಿರಾಶೆ ಹತ್ತು ಪಟ್ಟು ಬಂದಿರುತ್ತದೆ.

ಹಾಗಾಗಿ ನಿಜವಾದ ಕೆಲಸ ಎರಡು ತುದಿಯಿಂದ ಆಗಬೇಕು. ಯಂತ್ರವನ್ನು ಭಾರಕ್ಕೆ ಹೊಂದಿಸುವುದು ಒಂದು, ಭಾರವನ್ನು ದಿನಗಳಿಗೆ ಹಂಚುವುದು ಇನ್ನೊಂದು. ಎರಡನೆಯದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಇಂಥವರ ಹೊಲಕ್ಕೆ ಇಂಥ ದಿನ ನೀರು ಎಂಬ ಪಾಳಿಯ ಪದ್ಧತಿ ಇತ್ತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಸರ್ಕಾರ ಇದನ್ನೇ ಮಾಡಲು ಹೊರಟಿತ್ತು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಎಂದು ಮನೆಯೊಡತಿಯ ಫೋನಿಗೆ ಸಂದೇಶ ಬರುತ್ತದೆ ಎಂದರು. ಅದು ಒಳ್ಳೆಯ ಯೋಚನೆ. ಆದರೆ ಕೆಲವೇ ದಿನಗಳಲ್ಲಿ ಸಂದೇಶಕ್ಕೆ ಕಾಯಬೇಕಿಲ್ಲ, ಯಾರು ಬೇಕಾದರೂ ಬರಬಹುದು ಎಂದು ಅದನ್ನು ಸಡಿಲಿಸಿದರು. ಸಾಲು ಮತ್ತೆ ಬೀದಿಗೆ ಬಂತು. ಪಾಳಿ ನಡೆಯಬೇಕಾದರೆ ಜನಕ್ಕೆ ಅದರ ಮೇಲೆ ನಂಬಿಕೆ ಇರಬೇಕು. ನನ್ನ ಪಾಳಿಯ ದಿನ ಸರ್ವರ್ ಇರುತ್ತದೆ ಎಂಬ ಭರವಸೆಯೇ ಇಲ್ಲದಾಗ ಯಾರು ತಾನೇ ಕಾಯುತ್ತಾರೆ?

ಬೆಳೆ ವಿಮೆಯ ಕತೆಯೂ ಇದೇ. ನಮ್ಮ ಕಡೆ ಹೊಲದ ತುಂಬ ಮೆಕ್ಕೆಜೋಳ. ವಿಮೆಗೆ ಕೊನೆಯ ದಿನ ಸಾಮಾನ್ಯವಾಗಿ ಜುಲೈ ಅಖೈರಿಗೆ ಬರುತ್ತದೆ. ಕೊನೆಯ ಮೂರು ದಿನ ನೂಕುನುಗ್ಗಲು ಎಂಬುದು ಪ್ರತಿವರ್ಷದ ಅನುಭವ. ರೈತರಿಗೆ ಶಿಸ್ತಿಲ್ಲ, ಕೊನೆಗಳಿಗೆಗೆ ಬರುತ್ತಾರೆ ಎಂದು ಅಧಿಕಾರಿಗಳು ಗೊಣಗುತ್ತಾರೆ. ಮಳೆ ಬಂದು, ಬಿತ್ತಿ, ಮೊಳಕೆ ಕಂಡು, ವಿಮೆಗೆ ದುಡ್ಡು ಹೊಂಚಿಕೊಂಡು ಬರುವವನು ಇನ್ನು ಯಾವಾಗ ಬರಬೇಕು? ಮಳೆಯಾಶ್ರಿತ ತಾಲ್ಲೂಕಿನ ರೈತ ತಡವಾಗಿ ಬರುವುದರಲ್ಲಿ ಒಂದು ತರ್ಕವಿದೆ. ಪ್ರತಿವರ್ಷ ಅದೇ ಮೂರು ದಿನ ಮುಗ್ಗರಿಸುವ ಸರ್ವರಿನಲ್ಲಿ ಯಾವ ತರ್ಕವಿದೆ? ಬೇಡಿಕೆಯ ಏರಿಳಿತ ಗೊತ್ತಿಲ್ಲ ಎನ್ನಲು ಇದು ಆಕಾಶದ ಮಳೆಯಲ್ಲ. ದಿನಾಂಕ ಹಾಕುವವರು ಅವರೇ, ಅರ್ಹರ ಪಟ್ಟಿ ಇಟ್ಟುಕೊಂಡವರು ಅವರೇ. ಈ ಮಳೆಯನ್ನು ಸುರಿಸುವವರೇ ಛತ್ರಿ ತರಲು ಮರೆತೆವು ಎಂದರೆ ನಂಬುವುದು ಹೇಗೆ?

ಕಂಪ್ಯೂಟರೇ ಬೇಡ, ಹಳೆಯ ಕಾಗದವೇ ಚೆಂದ ಎಂಬ ಗೆಳೆಯರೂ ನಮ್ಮ ಸಾಹಿತ್ಯ ವಲಯದಲ್ಲಿದ್ದಾರೆ. ಆ ಹಂಬಲ ನನಗಿಲ್ಲ. ಕರ್ನಾಟಕದ ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲೇ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆದು ಕೈಬಿಸಿ ಮಾಡುತ್ತಿದ್ದವರು 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅದನ್ನು ಪಡೆದರು. ಅದು ಸಣ್ಣ ಕ್ರಾಂತಿಯಲ್ಲ. ಆಗ ತಾಲ್ಲೂಕಿನ ದತ್ತಾಂಶ ತಾಲ್ಲೂಕಿನ ಯಂತ್ರದಲ್ಲೇ ಇತ್ತು. ಆಮೇಲೆ ಎಲ್ಲವೂ ಬೆಂಗಳೂರಿಗೆ ಹೋಯಿತು. ಒಂದೆಡೆ ಸೇರಿಸುವುದರಲ್ಲಿ ಲಾಭಗಳಿವೆ, ಒಪ್ಪುತ್ತೇನೆ. ಆದರೆ ಒಂದೆಡೆ ಸೇರಿಸಿದ ಮೇಲೆ ಆ ಒಂದೆಡೆಯ ಅಳತೆ ರಾಜ್ಯದ ಅಳತೆಗೆ ಇರಬೇಕು. ಊರೂರಿನ ಬಾವಿ ಮುಚ್ಚಿಸಿ ಒಂದೇ ಟ್ಯಾಂಕು ಕಟ್ಟಿದವನು ಟ್ಯಾಂಕು ಸಾಲದು ಎನ್ನುವಂತಿಲ್ಲ.

ಇತ್ತೀಚಿನ ನಿದರ್ಶನ ನಿಮಗೆಲ್ಲ ನೆನಪಿರಬೇಕು. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಶಾಲೆಯ ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆಗೆ ಹೋದರು. ಎಷ್ಟು ಗಣತಿದಾರರು, ಎಷ್ಟು ಮನೆ, ಎಷ್ಟು ಪ್ರಶ್ನೆ, ಎಲ್ಲ ಮೊದಲೇ ತೀರ್ಮಾನವಾಗಿತ್ತು. ಆದರೂ ಮೊದಲ ದಿನಗಳ ಸುದ್ದಿಯೆಲ್ಲ ಆ್ಯಪ್ ತೆರೆಯುತ್ತಿಲ್ಲ, ಸರ್ವರ್ ಸಿಗುತ್ತಿಲ್ಲ, ಒಟಿಪಿ ಬರುತ್ತಿಲ್ಲ ಎಂಬುದೇ. ಅಕ್ಟೋಬರ್ 7ಕ್ಕೆ ಮುಗಿಯಬೇಕಾದದ್ದು ಗಡುವು ಮೀರಿ ಮುಂದಕ್ಕೆ ಹೋಯಿತು. ಊರ ಕಣ್ಣಿಗೆ ಕೆಲಸ ಮಾಡದವರಾಗಿ ಕಂಡದ್ದು ಮೇಷ್ಟ್ರುಗಳು. ಸೇವಾ ಕೇಂದ್ರದಲ್ಲಿ ಬೈಸಿಕೊಳ್ಳುವ ಹುಡುಗನಂತೆ ಇಲ್ಲಿ ಬೈಸಿಕೊಂಡವರು ಇವರು. ಸಾಲದ ಯಂತ್ರದ ಮುಂದೆ ಸದಾ ಒಬ್ಬ ಮನುಷ್ಯನನ್ನು ಕೂರಿಸಿರುತ್ತಾರೆ, ಜನರ ಸಿಟ್ಟು ಅವನಿಗೆ ಬಡಿದು ಅಲ್ಲೇ ನಿಲ್ಲುತ್ತದೆ.

ಸರ್ಕಾರ ವರ್ಷವಿಡೀ ದೊಡ್ಡ ಯಂತ್ರ ಓಡಿಸಲಿ ಎಂದೂ ನಾನು ಹೇಳುತ್ತಿಲ್ಲ. ನೂಕುನುಗ್ಗಲು ಮುಗಿದ ಮೇಲೂ ನೂರು ನೋಡ್‌ಗಳನ್ನು ಸುಮ್ಮನೆ ಉರಿಸುವುದು ಸಾರ್ವಜನಿಕ ಹಣವನ್ನು ಕೋಡಿ ಹರಿಯಲು ಬಿಟ್ಟಂತೆ. ಅವಕ್ಕೂ ಕರೆಂಟು ಬೇಕು, ತಂಪಿಗೆ ನೀರು ಬೇಕು. ಏರಿಸಲು ಗೊತ್ತಿದ್ದವನಿಗೆ ಇಳಿಸಲೂ ಗೊತ್ತಿರಬೇಕು. ಟೆಂಡರ್ ಕರೆದು ಐದು ವರ್ಷಕ್ಕೆ ಇಷ್ಟು ಯಂತ್ರ ಎಂದು ಕೊಂಡು ಕೂರುವ ಪದ್ಧತಿಯಲ್ಲಿ ಇದು ಎರಡೂ ಆಗುವುದಿಲ್ಲ. ಸುಮ್ಮನಿರುವ ದಿನಗಳಲ್ಲಿ ಯಂತ್ರ ಖಾಲಿ, ಬೇಕಾದ ದಿನ ಸಾಲದು.

ಹಾಗಾದರೆ ಏನು ಕೇಳಬೇಕು? ನನ್ನ ಪ್ರಕಾರ ನಾಲ್ಕು ಕೇಳಬೇಕು. ಯಾವುದೇ ಯೋಜನೆಯ ಅರ್ಜಿ ತೆರೆಯುವ ಮುನ್ನ ಅದನ್ನು ಎಷ್ಟು ಭಾರಕ್ಕೆ ಪರೀಕ್ಷಿಸಿದ್ದಾರೆ ಎಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಸೇತುವೆಯ ಮೇಲೆ ಇಷ್ಟು ಟನ್ ಎಂದು ಬೋರ್ಡು ಹಾಕುತ್ತಾರಲ್ಲ, ಹಾಗೆ. ಎರಡನೆಯದು, ಪ್ರತಿ ತಾಲ್ಲೂಕಿನಲ್ಲಿ ಪ್ರತಿದಿನ ಸೇವೆ ಎಷ್ಟು ಹೊತ್ತು ಲಭ್ಯವಿತ್ತು ಎಂಬ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು. ಮೂರನೆಯದು, ಕೊನೆಯ ದಿನದಂದು ಸರ್ವರ್ ಎಷ್ಟು ಗಂಟೆ ನಿಂತಿತೋ ಅಷ್ಟು ಗಂಟೆ ಗಡುವು ತಾನಾಗಿಯೇ ಮುಂದೆ ಹೋಗಬೇಕು, ಮಂತ್ರಿಯ ಹೇಳಿಕೆಗೆ ಕಾಯಬಾರದು. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಸರ್ವರ್ ಇಲ್ಲದಿದ್ದರೂ ಬಂದವರ ವಿವರವನ್ನು ಕೇಂದ್ರದ ಕಂಪ್ಯೂಟರಿನಲ್ಲೇ ಬರೆದುಕೊಂಡು, ತಾರೀಖು ಗಂಟೆ ಹಾಕಿ ಒಂದು ಚೀಟಿ ಕೊಡಬೇಕು. ಸರ್ವರ್ ಬಂದಾಗ ಅದು ತಾನೇ ಮೇಲೆ ಹೋಗಲಿ. ಅವಳು ಬಂದಿದ್ದಳು, ತನ್ನ ಕೆಲಸ ಮಾಡಿದಳು, ಬಾಕಿ ಇರುವುದು ಸರ್ಕಾರದ್ದು ಎಂಬುದಕ್ಕೆ ಆ ಚೀಟಿ ಸಾಕ್ಷಿ. ಇದಾವುದೂ ಅಸಾಧ್ಯದ ತಂತ್ರಜ್ಞಾನವಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಮಾಹಿತಿ ಉಳಿಸಿಕೊಂಡು ಆಮೇಲೆ ಕಳಿಸುವ ಆ್ಯಪ್‌ಗಳನ್ನು ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ಮಾಡುತ್ತಾರೆ.

ಈ ಪತ್ರಿಕೆ ಓದುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ನಮ್ಮ ರಾಜ್ಯದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ಬರೆಯುವ ಹವ್ಯಾಸ ಇರುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ನಿಮ್ಮ ಊರಿನಲ್ಲಿ ಇತ್ತೀಚೆಗೆ ಜನರನ್ನು ಅಲೆಸಿದ ಯಾವುದಾದರೂ ಒಂದು ಯೋಜನೆ ಹಿಡಿಯಿರಿ. ಅದನ್ನು ಏಕಕಾಲಕ್ಕೆ ಎಷ್ಟು ಜನ ಬಳಸುತ್ತಾರೆ ಎಂದು ಅಂದಾಜು ಮಾಡಿದ್ದರು, ಆ ಅಂದಾಜಿನ ಕಡತ ಎಲ್ಲಿದೆ, ಅರ್ಜಿ ತೆರೆದ ವಾರ ಸಾಮರ್ಥ್ಯವನ್ನು ಎಷ್ಟು ಸಲ ಹೆಚ್ಚಿಸಿದರು, ಹೆಚ್ಚಿಸಲು ಅನುಮತಿ ಕೊಡಬೇಕಾದ ಅಧಿಕಾರಿಯ ಹುದ್ದೆ ಯಾವುದು ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು ಎಂಬುದು ಕಾನೂನು. ಆನ್‌ಲೈನ್‌ನಲ್ಲೂ ಹಾಕಬಹುದು. ಸರ್ವರ್ ಇಲ್ಲದಿದ್ದರೆ ಅಂಚೆಯಲ್ಲಿ ಹಾಕಿ, ರಶೀದಿ ಇಟ್ಟುಕೊಳ್ಳಿ.